ಎಪ್ಪತ್ತು ದಾಟಿದ ಅಪ್ಪ-ಅಮ್ಮನನ್ನು ಡಿಸೆಂಬರಿನಲ್ಲಿ ಟ್ರೊಮ್ಸೊಗೆ ಕರೆದುಕೊಂಡು ಹೋಗಬಹುದೇ?

ಎಪ್ಪತ್ತು ದಾಟಿದ ತಂದೆ-ತಾಯಿಯನ್ನೂ ಎಂಟು ವರ್ಷದ ಮಗನನ್ನೂ ಕರೆದುಕೊಂಡು ಕ್ರಿಸ್‌ಮಸ್ ರಜೆಯಲ್ಲಿ ನಾರ್ವೆಯ ಟ್ರೊಮ್ಸೊಗೆ ಹೋಗಬೇಕೆಂದಿದ್ದೀರಿ. ಸೂರ್ಯನೇ ಹುಟ್ಟದ ಊರಿನಲ್ಲಿ ಹಿರಿಯರಿಗೆ ಬೇಸರವಾಗುವುದಿಲ್ಲವೇ, ಧ್ರುವಪ್ರಭೆ (ರಾತ್ರಿಯ ಆಕಾಶದಲ್ಲಿ ಮೂಡುವ ಬಣ್ಣದ ಬೆಳಕು, ನಾರ್ದರ್ನ್ ಲೈಟ್ಸ್) ಕಾಣದೇ ಹೋದರೆ ಅಷ್ಟೂ ಖರ್ಚು ವ್ಯರ್ಥವಲ್ಲವೇ ಎಂದು ಕೇಳಿದ್ದೀರಿ. ಅದೇ ವಯಸ್ಸಿನ ಅಪ್ಪ-ಅಮ್ಮ, ಪತಿ ಮತ್ತು ಮಗಳ ಜೊತೆ ಅದೇ ಊರಿನಲ್ಲಿ ಡಿಸೆಂಬರ್ ರಜೆ ಕಳೆದು ಬಂದವಳಾಗಿ ಧೈರ್ಯವಾಗಿ ಹೇಳುತ್ತೇನೆ, ಹೋಗಿ ಬನ್ನಿ. ಆದರೆ ಧ್ರುವಪ್ರಭೆಯೊಂದನ್ನೇ ನೆಚ್ಚಿಕೊಂಡು ಹೋಗಬೇಡಿ. ಅದು ಮೋಡದ ಇಚ್ಛೆಗೆ ಬಿಟ್ಟ ವಿಷಯ. ದಿನದ ವೇಗ ಮಾತ್ರ ನಿಮ್ಮ ಕೈಯಲ್ಲಿದೆ. ಮನೆಯವರಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರಿಗೆ ಅದನ್ನು ಹೊಂದಿಸಿಕೊಂಡರೆ ಈ ಪ್ರವಾಸ ಹಿರಿಯರಿಗೂ ಹಿತವಾಗಿರುತ್ತದೆ.

ಮೊದಲು ಕತ್ತಲೆಯ ವಿಷಯ. ಟ್ರೊಮ್ಸೊ ಆರ್ಕ್ಟಿಕ್ ವೃತ್ತದಿಂದ ಸುಮಾರು 350 ಕಿ.ಮೀ. ಉತ್ತರಕ್ಕಿದೆ. ನವೆಂಬರ್ ಕೊನೆಯ ವಾರದಿಂದ ಜನವರಿ ಮಧ್ಯದವರೆಗೆ ಅಲ್ಲಿ ಸೂರ್ಯ ದಿಗಂತದ ಮೇಲೆ ಬರುವುದಿಲ್ಲ. ಸುತ್ತಲೂ ಬೆಟ್ಟಗಳಿರುವುದರಿಂದ ಊರಿನವರು ಸೂರ್ಯನ ಮರಳುವಿಕೆಯನ್ನು ಜನವರಿ 21ರಂದು, ಅದಕ್ಕೆಂದೇ ಮಾಡಿದ ಸಿಹಿ ಬನ್ನು ತಿಂದು ಆಚರಿಸುತ್ತಾರೆ. ಹಾಗೆಂದು ಇಪ್ಪತ್ನಾಲ್ಕು ಗಂಟೆಯೂ ಕಗ್ಗತ್ತಲೆ ಇರುತ್ತದೆಂದು ಭಾವಿಸಬೇಡಿ. ಮಧ್ಯಾಹ್ನದ ಆಸುಪಾಸಿನಲ್ಲಿ ಕೆಲವು ಗಂಟೆ ಸೂರ್ಯ ದಿಗಂತದ ಸ್ವಲ್ಪವೇ ಕೆಳಗಿರುವುದರಿಂದ ಆಕಾಶ ತಿಳಿನೀಲಿಯಾಗುತ್ತದೆ, ದಕ್ಷಿಣದ ಅಂಚು ಗುಲಾಬಿಗೆ ತಿರುಗುತ್ತದೆ, ನೆಲದ ಹಿಮ ಅಷ್ಟು ಬೆಳಕನ್ನೂ ಹಿಂದಿರುಗಿಸುವುದರಿಂದ ದಾರಿ, ಮನೆ, ಮುಖ ಎಲ್ಲವೂ ಸ್ಪಷ್ಟವಾಗಿ ಕಾಣುತ್ತವೆ. ನಮ್ಮ ಅಪ್ಪ ಸಂಧ್ಯಾವಂದನೆ ಬಿಟ್ಟವರಲ್ಲ. ಸೂರ್ಯೋದಯವೇ ಇಲ್ಲದ ಊರಿನಲ್ಲಿ ಅರ್ಘ್ಯ ಯಾವಾಗ ಕೊಡುವುದು ಎಂಬುದು ಹೊರಡುವ ಮೊದಲೇ ಅವರನ್ನು ಕಾಡಿತ್ತು. ಅಲ್ಲಿಗೆ ಹೋದ ಮೇಲೆ ಹನ್ನೊಂದು ಗಂಟೆಗೆ ಬೆಟ್ಟದ ಹಿಂದೆ ಬಣ್ಣ ಏರುವುದನ್ನು ಕಂಡು, ಕಿಟಕಿಯ ಬಳಿ ಸ್ಟೀಲಿನ ತಟ್ಟೆ ಇಟ್ಟುಕೊಂಡು, ಬೆಳಕಿದ್ದ ದಕ್ಷಿಣಕ್ಕೇ ಮುಖ ಮಾಡಿ ಅರ್ಘ್ಯ ಕೊಟ್ಟರು. ಆಮೇಲೆ ಅದೇ ಅವರ ನಿತ್ಯದ ಹೊತ್ತಾಯಿತು, ನಮ್ಮ ದಿನಚರಿಯೂ ಅದರ ಸುತ್ತಲೇ ನಿಂತಿತು: ಹತ್ತರಿಂದ ಎರಡರವರೆಗೆ ಹೊರಗೆ, ಉಳಿದ ಹೊತ್ತು ಬೆಚ್ಚಗಿನ ಒಳಾಂಗಣದಲ್ಲಿ. ಹಿರಿಯರಿಗೆ ಕತ್ತಲೆ ಬೇಸರ ತರುವುದು ಆ ನಾಲ್ಕು ಗಂಟೆಗಳನ್ನು ನಿದ್ದೆಯಲ್ಲೋ ಬಸ್ಸಿನಲ್ಲೋ ಕಳೆದುಕೊಂಡಾಗ ಎಂಬುದು ನನ್ನ ಅಭಿಪ್ರಾಯ.

ಚಳಿಗಿಂತ ಜಾರುವ ನೆಲಕ್ಕೆ ಹೆಚ್ಚು ಹೆದರಬೇಕು. ಅಟ್ಲಾಂಟಿಕ್‌ನ ಬೆಚ್ಚಗಿನ ಪ್ರವಾಹ ಆ ಕರಾವಳಿಯನ್ನು ಮುಟ್ಟುವುದರಿಂದ ಊರಿನಲ್ಲಿ ಉಷ್ಣಾಂಶ ಹೆಚ್ಚಾಗಿ ಸೊನ್ನೆಯ ಆಸುಪಾಸಿನಲ್ಲೋ ಅದಕ್ಕಿಂತ ಕೆಲವು ಡಿಗ್ರಿ ಕೆಳಗೋ ಇರುತ್ತದೆ. ಉತ್ತರ ನಾರ್ವೆಯದೇ ಒಳನಾಡಿನ ಕರಾಶೋಕ್‌ನಲ್ಲಿ 1886ರಲ್ಲಿ ಮೈನಸ್ 51.4 ಡಿಗ್ರಿ ದಾಖಲಾಗಿದೆ ಎಂಬುದನ್ನು ನೆನೆದರೆ ಕಡಲು ಮಾಡುವ ಉಪಕಾರ ಅರ್ಥವಾಗುತ್ತದೆ. ಆದರೆ ಸೊನ್ನೆಯ ಆಸುಪಾಸು ಎಂದರೆ ಹಿಮ ಕರಗಿ, ರಾತ್ರಿ ಮತ್ತೆ ಹೆಪ್ಪುಗಟ್ಟಿ, ಕಾಲುದಾರಿ ಗಾಜಿನಂತಾಗುತ್ತದೆ. ಬೂಟಿನ ಅಡಿಗೆ ಎಳೆದು ಹಾಕಿಕೊಳ್ಳುವ ಮುಳ್ಳಿನ ರಬ್ಬರ್ ಪಟ್ಟಿಯನ್ನು ಅಲ್ಲಿಯವರು ಬ್ರೊಡ್ಡರ್ ಎನ್ನುತ್ತಾರೆ. ಬಂದ ದಿನವೇ ಎಲ್ಲರಿಗೂ ಕೊಳ್ಳಿರಿ. ಅಂಗಡಿಯ ನಯವಾದ ಕಲ್ಲಿನ ನೆಲದ ಮೇಲೆ ಅದೇ ಪಟ್ಟಿ ಜಾರಿಸುವುದರಿಂದ ಒಳಗೆ ಹೋಗುವಾಗ ಬಿಚ್ಚಬೇಕು, ಬಗ್ಗಲಾರದ ಹಿರಿಯರಿಗೆ ಪ್ರತಿ ಬಾಗಿಲಿನಲ್ಲೂ ಯಾರಾದರೂ ಜೊತೆಗಿರಬೇಕು. ಮೈಗೆ ತಾಗುವ ಬಟ್ಟೆ ಉಣ್ಣೆಯದೇ ಆಗಿರಲಿ. ಹತ್ತಿಯ ಬನಿಯನ್ ಬೆವರಿಗೆ ಒದ್ದೆಯಾದರೆ ಮತ್ತೆ ಒಣಗದೆ ಮೈಯನ್ನು ತಣ್ಣಗಾಗಿಸುತ್ತದೆ.

ನಿಮ್ಮ ತಂದೆಯವರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಬರೆದಿದ್ದೀರಿ, ಆದ್ದರಿಂದ ಇದನ್ನು ವಿಶೇಷವಾಗಿ ಹೇಳುತ್ತೇನೆ. ಇನ್ಸುಲಿನ್ ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಬಳಸುವಂತಿಲ್ಲ. ವಿಮಾನದಲ್ಲಿ ಅದನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಿ, ಹೊರಗೆ ಓಡಾಡುವಾಗ ಕೋಟಿನ ಒಳಜೇಬಿನಲ್ಲಿ. ಸಕ್ಕರೆ ನೋಡುವ ಮೀಟರ್ ಕೂಡ ಚಳಿಯಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ವೈದ್ಯರ ಚೀಟಿ ಇಂಗ್ಲಿಷಿನಲ್ಲಿರಲಿ. ನಾರ್ವೆಯೂ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಹೇಗೂ ಕಡ್ಡಾಯ. ಮೊದಲೇ ಇರುವ ಕಾಯಿಲೆಗೂ ಅದು ಅನ್ವಯಿಸುತ್ತದೆಯೇ ಎಂದು ಓದಿ ನೋಡಿಯೇ ಹಣ ಕಟ್ಟಿ.

ಅಮ್ಮನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಹಿಮಸಾರಂಗಗಳು (ರೈನ್‌ಡಿಯರ್). ಆ ಸೀಮೆಯ ಮೂಲ ನಿವಾಸಿಗಳಾದ ಸಾಮಿ ಜನ ನಾರ್ವೆ, ಸ್ವೀಡನ್, ಫಿನ್ಲೆಂಡ್ ಮತ್ತು ರಷ್ಯಾದ ಕೋಲಾ ಪರ್ಯಾಯ ದ್ವೀಪದಲ್ಲಿ ಹರಡಿದ್ದಾರೆ. ಅವರಲ್ಲಿ ಹಲವು ಕುಟುಂಬಗಳು ಇಂದಿಗೂ ಹಿಮಸಾರಂಗ ಸಾಕುತ್ತವೆ, ಪ್ರವಾಸಿಗರನ್ನು ತಮ್ಮ ಹಿಂಡಿನ ಬಳಿಗೆ ಕರೆದುಕೊಂಡು ಹೋಗುತ್ತವೆ. ಮಲೆನಾಡಿನ ಮನೆಯಲ್ಲಿ ವರ್ಷಗಟ್ಟಲೆ ದನ ಕಟ್ಟಿ ಹಾಲು ಕರೆದ ಅಮ್ಮ ಮೇವಿನ ಬಕೆಟ್ ಹಿಡಿದು ನಿಂತವರು, ಅವು ಹತ್ತಿರ ಬಂದಾಗ ಕಾಲಿನಿಂದ ಟಿಕ್ ಟಿಕ್ ಎಂಬ ಸದ್ದು ಬರುತ್ತಿರುವುದನ್ನು ನಮಗಿಂತ ಮೊದಲು ಗುರುತಿಸಿದರು. ಗೊರಸು ನೋವೇನೋ ಎಂದು ಅವರಿಗೆ ಆತಂಕವಾಯಿತು. ಪಾದದ ಸ್ನಾಯುರಜ್ಜು ಮೂಳೆಯ ಮೇಲೆ ಸರಿಯುವುದರಿಂದ ಆ ಸದ್ದು ಬರುತ್ತದೆ, ಕತ್ತಲೆ ಮತ್ತು ಹಿಮಗಾಳಿಯಲ್ಲಿ ಹಿಂಡು ಚದುರದಿರಲು ಅದು ನೆರವಾಗುತ್ತದೆ ಎಂದು ಹಿಂಡಿನ ಒಡತಿ ವಿವರಿಸಿದರು. ಬಲಿತ ಗಂಡುಗಳು ಚಳಿಗಾಲದ ಆರಂಭದಲ್ಲೇ ಕೊಂಬು ಉದುರಿಸುತ್ತವೆ, ಹೆಣ್ಣುಗಳು ಮಾತ್ರ ಕರು ಹಾಕುವವರೆಗೂ ಉಳಿಸಿಕೊಳ್ಳುತ್ತವೆ ಎಂದು ತಿಳಿದ ಮೇಲೆ ಅಮ್ಮ ಕೊಂಬಿದ್ದವುಗಳಿಗೆ ಇನ್ನಷ್ಟು ಮೇವು ಹಾಕಿದರು. ಭಾಷೆ ಬಾರದ ಇಬ್ಬರು ಹೆಂಗಸರು ಸಾಕುಪ್ರಾಣಿಯ ವಿಷಯದಲ್ಲಿ ಎಷ್ಟು ಹೊತ್ತು ಮಾತನಾಡಬಲ್ಲರು ಎಂಬುದನ್ನು ನಾನು ಅಲ್ಲಿ ನೋಡಿದೆ. ಊಟಕ್ಕೆ ಸಾಮಾನ್ಯವಾಗಿ ಹಿಮಸಾರಂಗದ ಮಾಂಸದ ಸಾರು ಕೊಡುತ್ತಾರೆ. ಸಸ್ಯಾಹಾರಿಗಳಾಗಿದ್ದರೆ ಕಾಯ್ದಿರಿಸುವಾಗಲೇ ತಿಳಿಸಬೇಕು.

ಇನ್ನು ಧ್ರುವಪ್ರಭೆ. ಸೂರ್ಯನಿಂದ ಹೊರಟ ಕಣಗಳ ಪ್ರಭಾವದಿಂದ ಎಲೆಕ್ಟ್ರಾನುಗಳು ಭೂಮಿಯ ಕಾಂತಕ್ಷೇತ್ರದ ಗುಂಟ ಇಳಿದು, ನೂರು ಕಿ.ಮೀ.ಗೂ ಮೇಲಿನ ಎತ್ತರದಲ್ಲಿ ಆಮ್ಲಜನಕಕ್ಕೆ ಬಡಿದಾಗ ಆ ಹಸಿರು ಹೊಳಪು ಹುಟ್ಟುತ್ತದೆ. ಮೋಡಗಳಿರುವುದು ಅದಕ್ಕಿಂತ ಬಹಳ ಕೆಳಗೆ. ಆದ್ದರಿಂದ ಟ್ರೊಮ್ಸೊದಂಥ ಊರಿನಲ್ಲಿ ಸೂರ್ಯನ ಚಟುವಟಿಕೆಯ ಅಂಕಿಗಳಿಗಿಂತ ಮೋಡದ ಮುನ್ಸೂಚನೆಯನ್ನೇ ನೋಡಬೇಕು. ಮಾರ್ಗದರ್ಶಿಗಳು ತಿಳಿಯಾದ ಆಕಾಶ ಹುಡುಕುತ್ತಾ ಫಿನ್ಲೆಂಡ್ ಗಡಿಯವರೆಗೂ ಓಡಿಸುತ್ತಾರೆ, ಹಿಂದಿರುಗುವಾಗ ಮಧ್ಯರಾತ್ರಿ ದಾಟಿರುತ್ತದೆ, ಒಳನಾಡಿನ ಚಳಿಯೂ ಬಹಳ ಕಟು. ಆ ಬಸ್ಸಿಗೆ ಹಿರಿಯರನ್ನು ಹತ್ತಿಸಬೇಡಿ. ಪತಿ ಮತ್ತು ಮಗಳು ಅದರಲ್ಲಿ ಹೋದರು. ಅಪ್ಪ-ಅಮ್ಮನನ್ನು ನಾನು ಆಕಾಶ ತೆರೆದಿದ್ದ ಒಂದು ಸಂಜೆ ಊರಿರುವ ದ್ವೀಪದ ನಡುವಿನ ಪ್ರೆಸ್ಟ್‌ವಾನೆಟ್ ಎಂಬ ಕೆರೆಯ ದಂಡೆಗೆ ಟ್ಯಾಕ್ಸಿಯಲ್ಲಿ ಕರೆದೊಯ್ದೆ. ಮೊದಲು ಕಂಡದ್ದು ಬೂದು ಬಣ್ಣದ ಒಂದು ಪಟ್ಟೆ ಮಾತ್ರ. ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣವನ್ನು ಚೆನ್ನಾಗಿ ಗುರುತಿಸುವುದಿಲ್ಲ, ಕ್ಯಾಮೆರಾ ಗುರುತಿಸುತ್ತದೆ. ಚಿತ್ರಗಳಲ್ಲಿ ನೋಡಿದ ಹಸಿರನ್ನೇ ನಿರೀಕ್ಷಿಸಿ ಬಂದವರು ಅದನ್ನು ಮೋಡವೆಂದು ತಿಳಿದು ಹಿಂದಿರುಗಿಬಿಡಬಹುದು. ಕಾಲು ಗಂಟೆಯಲ್ಲಿ ಅದು ಹಸಿರೇರಿ ಅಲುಗಾಡತೊಡಗಿತು, ಅಪ್ಪ ಟೋಪಿ ತೆಗೆದು ನಿಂತರು.

ಅಡುಗೆಮನೆ ಇರುವ ಅಪಾರ್ಟ್‌ಮೆಂಟನ್ನೇ ಹಿಡಿಯಿರಿ. ಹೊರಗಿನ ಊಟ ಬಹಳ ದುಬಾರಿ. ಸಾರಿನ ಪುಡಿ, ಅವಲಕ್ಕಿ, ಉಪ್ಪಿನಕಾಯಿ ಕೊಂಡೊಯ್ಯಬಹುದು, ಆದರೆ ಭಾರತದಿಂದ ಹಾಲಿನ ಪದಾರ್ಥ ಒಯ್ಯುವಂತಿಲ್ಲವಾದ್ದರಿಂದ ತುಪ್ಪ, ಪೇಡೆ ಬೇಡ. ಡಿಸೆಂಬರ್ 24ರ ಮಧ್ಯಾಹ್ನದಿಂದ 26ರವರೆಗೆ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ, ತರಕಾರಿಯನ್ನು ಮೊದಲೇ ತಂದಿಡಿ. ಮಗನಿಗೆ ಮಧ್ಯಾಹ್ನದ ಮೇಲೆ ಏನು ಮಾಡಿಸುವುದು ಎಂದು ಚಿಂತಿಸಬೇಡಿ: ಹಳೆಯ ಚಿತ್ರಮಂದಿರದ ಛಾವಣಿಯನ್ನೇ ಉಳಿಸಿಕೊಂಡು ಗಾಜಿನ ಗೋಡೆಗಳಿಂದ ಕಟ್ಟಿದ ಊರ ಗ್ರಂಥಾಲಯ ಬೆಚ್ಚಗಿದೆ, ಪ್ರವೇಶ ಉಚಿತ, ಮಕ್ಕಳಿಗೆ ಬೇಕಾದಷ್ಟು ಜಾಗವಿದೆ. 421 ಮೀಟರ್ ಎತ್ತರದಲ್ಲಿ ಬೆಟ್ಟದ ಮೇಲಿರುವ ಸ್ಟೋರ್‌ಸ್ಟೈನನ್‌ಗೆ ಹೋಗುವ ಕೇಬಲ್ ಕಾರ್‌ಗೆ ಹಿರಿಯರನ್ನೂ ಕರೆದೊಯ್ಯಿರಿ, ಗಾಳಿ ಜೋರಿದ್ದರೆ ಮಾತ್ರ ಅದು ನಿಲ್ಲುತ್ತದೆ.

ಶಾಲೆಯ ರಜೆಯ ಕಟ್ಟುಪಾಡು ಇಲ್ಲದಿದ್ದರೆ ಡಿಸೆಂಬರಿಗಿಂತ ಫೆಬ್ರವರಿ ಮಧ್ಯವನ್ನು ಆರಿಸಿಕೊಳ್ಳಿ ಎಂದು ಹೇಳುತ್ತಿದ್ದೆ. ಆಗ ದಿನಕ್ಕೆ ಆರೇಳು ಗಂಟೆ ಬಿಸಿಲಿನ ಹೊತ್ತು ಸಿಗುತ್ತದೆ, ಹಿಮ ಇನ್ನೂ ದಟ್ಟವಾಗಿರುತ್ತದೆ, ರಾತ್ರಿಗಳೂ ಧ್ರುವಪ್ರಭೆಗೆ ಸಾಕಷ್ಟು ಉದ್ದವಾಗಿರುತ್ತವೆ. ಡಿಸೆಂಬರೇ ಖಚಿತವಾದರೆ ವೀಸಾಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಜುಲೈನಲ್ಲೇ ಆ ಕೆಲಸ ಮುಗಿಸಿ, ನಂತರ ತಂದೆ-ತಾಯಿಗೆ ಹೊಂದುವ ಬೂಟುಗಳನ್ನು ಕೊಂಡು ಊರಿನಲ್ಲೇ ಸ್ವಲ್ಪ ದಿನ ಹಾಕಿಸಿ ನಡೆಸಿ.