ಮೆಲ್ಬರ್ನ್‌ಗೆ ಹೊರಟ ಟೀಚರ್ ತಂಗಿಗೆ: ಆ 20 ಗಂಟೆಗಳ ಬಗ್ಗೆ

ತಂಗಿ, ನಿನ್ನ ಪ್ರಶ್ನೆ ಓದಿದೆ. ಗೋಣಿಕೊಪ್ಪದಲ್ಲಿ ನರ್ಸರಿ ಟೀಚರ್ ಆಗಿದ್ದೀಯ, ಎನ್‌ಟಿಟಿ (ನರ್ಸರಿ ಟೀಚರ್ ತರಬೇತಿ) ಆಗಿದೆ, ಬಿ.ಎಡ್ ಕೂಡ ಇದೆ, ಗಂಡನ ಕೆಲಸಕ್ಕೆಂದು ಮೆಲ್ಬರ್ನ್‌ಗೆ ಹೊರಟಿದ್ದೀಯ. ಅಲ್ಲಿ ಟೀಚರ್‌ಗಳು ವರ್ಷಕ್ಕೆ 20 ಗಂಟೆ ತರಬೇತಿ ತೋರಿಸಬೇಕಂತೆ, ಇಷ್ಟು ವರ್ಷ ಪಾಠ ಮಾಡಿದವಳು ಮತ್ತೆ ಏನು ಕಲಿಯಬೇಕು, ರಜೆ ಹಾಕಬೇಕಾ, ದುಡ್ಡು ಯಾರು ಕೊಡುತ್ತಾರೆ, ಬಾಡಿಗೆ ಎಷ್ಟು, ಚಳಿ ಹೇಗೆ ಅಂತೆಲ್ಲ ಕೇಳಿದ್ದೀಯ. ನಾನೀಗ ಕಾಫಿ ಕೊಯ್ಲಿನ ಹೊತ್ತಿಗೆ ಸುಂಟಿಕೊಪ್ಪಕ್ಕೆ, ಅಮ್ಮನ ಮನೆಗೆ ಬಂದಿದ್ದೇನೆ. ಕರೆಂಟ್ ಇರುವಾಗಲೇ ಬರೆದುಬಿಡುತ್ತೇನೆ.

ಚಳಿಗೆ ಹೆದರಬೇಡ, ಆದರೆ ಮಡಿಕೇರಿಯ ಜುಲೈಗಿಂತ ಅದು ಜಾಸ್ತಿ. ಬಾಡಿಗೆ ಜಾಸ್ತಿ. ಅದನ್ನು ಗಂಡನ ಆಫೀಸಿನವರನ್ನೇ ಕೇಳು.

ನಾನು ಹೋದಾಗ ಲ್ಯಾಮಿನೇಟ್ ಮಾಡಿಸಿದ ಸರ್ಟಿಫಿಕೇಟ್‌ಗಳ ಫೈಲನ್ನು ಎದೆಗೆ ಅವುಚಿಕೊಂಡು ವಿಮಾನ ಇಳಿದಿದ್ದೆ. ಯಾರಿಗೂ ಅದು ಬೇಕಿರಲಿಲ್ಲ. ಅವರು ಕೇಳಿದ್ದು ವಿಷಯವಾರು ಅಂಕಪಟ್ಟಿ, ಸಿಲಬಸ್, ಮತ್ತೆ ತರಬೇತಿಯಲ್ಲಿ ಯಾವ ವಯಸ್ಸಿನ ಮಕ್ಕಳ ಜೊತೆ ಎಷ್ಟು ದಿನ ಇದ್ದೆ ಅನ್ನುವ ಕಾಲೇಜಿನ ಪತ್ರ. ನಮ್ಮ ಓದನ್ನು ತೂಗಿ ನೋಡುವುದು ಎಸಿಇಸಿಕ್ಯೂಎ ಅನ್ನುವ ಸಂಸ್ಥೆ. ಬರೀ ಎನ್‌ಟಿಟಿಗೆ ಅಲ್ಲಿ ಬೆಲೆ ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡ.

ಈಗ 20 ಗಂಟೆಯ ವಿಷಯ. ವಿಕ್ಟೋರಿಯಾ ರಾಜ್ಯದಲ್ಲಿ ಟೀಚರ್‌ಗಳ ನೋಂದಣಿ ವಿಐಟಿ ಅನ್ನುವ ಸಂಸ್ಥೆಯದು. 2015ರಿಂದ ಕಿಂಡರ್ (ಶಾಲೆಗೆ ಮುಂಚಿನ ಮಕ್ಕಳ) ಟೀಚರ್‌ಗಳೂ ಅದರಲ್ಲೇ ಬರುತ್ತಾರೆ. ಸೆಪ್ಟೆಂಬರ್ 30ಕ್ಕೆ ನೋಂದಣಿಯ ವರ್ಷ ಮುಗಿಯುತ್ತದೆ, ಅಷ್ಟರಲ್ಲಿ 20 ಗಂಟೆ ಆಗಿರಬೇಕು. ಹೊಸಬರಿಗೆ ಮೊದಲು ತಾತ್ಕಾಲಿಕ ನೋಂದಣಿ, ಆಮೇಲೆ ಹಿರಿಯ ಟೀಚರ್ ಒಬ್ಬರ ಜೊತೆಗೂಡಿ ನಿನ್ನ ತರಗತಿಯ ಒಂದು ಸಮಸ್ಯೆ ಹಿಡಿದು, ಏನು ಮಾಡಿದೆ, ಮಕ್ಕಳಲ್ಲಿ ಏನು ಬದಲಾಯಿತು ಅಂತ ಬರೆದು ತೋರಿಸಿದರೆ ಪೂರ್ಣ ನೋಂದಣಿ. ಟೀಚರ್ ಆಗದೆ, ಡಿಪ್ಲೊಮಾ ಮೇಲೆ ಮಕ್ಕಳನ್ನು ನೋಡಿಕೊಳ್ಳುವ ಎಜುಕೇಟರ್ ಆಗಿ ಸೇರಿದರೆ ವಿಐಟಿ ಇಲ್ಲ, 20 ಗಂಟೆಯೂ ಇಲ್ಲ, ಸಂಬಳ ಮಾತ್ರ ಕಮ್ಮಿ. ಪ್ರಥಮ ಚಿಕಿತ್ಸೆ, ಆಸ್ತಮಾ, ಅಲರ್ಜಿಯ ತರಬೇತಿ ಬೇರೆ ಇದೆ. ಅದರಲ್ಲಿ ಸಿಪಿಆರ್ (ನಿಂತ ಉಸಿರು, ಎದೆಬಡಿತ ಮರಳಿಸುವುದು) ಪ್ರತಿವರ್ಷ ಹೊಸದಾಗಿ ಮಾಡಬೇಕು, ಬೊಂಬೆಯ ಎದೆ ಒತ್ತಿ ಒತ್ತಿ ಮಂಡಿ ನೋವು ಬರುತ್ತದೆ.

20 ಗಂಟೆ ಅಂದರೆ ಹಾಲ್‌ನಲ್ಲಿ ಕೂತು, ಸಹಿ ಹಾಕಿ, ಊಟ ಮಾಡಿ ಬರುವುದು ಅಂತ ತಿಳಿಯಬೇಡ. ಸಹೋದ್ಯೋಗಿಗಳ ಜೊತೆ ಓದಿ ಚರ್ಚೆ ಮಾಡಿದ್ದೂ ಸೇರುತ್ತದೆ. ಕಲಿತದ್ದರಿಂದ ನಿನ್ನ ಕೆಲಸದಲ್ಲಿ ಏನು ಬದಲಾಯಿತು ಅಂತ ಹೇಳಲು ಬರಬೇಕು, ಅಷ್ಟೇ. ದುಡ್ಡು ಯಾರು ಕೊಡುತ್ತಾರೆ, ರಜೆ ಸಿಗುತ್ತದಾ ಅನ್ನುವುದು ನೀನು ಸೇರುವ ಸೆಂಟರ್ ಹೇಗಿದೆ ಅನ್ನುವುದರ ಮೇಲೆ. ನಾನು ಮೊದಲು ಸೇರಿದ ಕಡೆ ಶನಿವಾರ ಕೈಯಿಂದಲೇ ಖರ್ಚು ಮಾಡಿ ಹೋಗುತ್ತಿದ್ದೆವು. ಸಂದರ್ಶನದಲ್ಲೇ ಕೇಳು, ನಾಚಿಕೊಳ್ಳಬೇಡ.

ಆದರೆ ತಂಗಿ, ನನಗೆ ಕಷ್ಟವಾಗಿದ್ದು ಕೋರ್ಸ್ ಅಲ್ಲ, ಮೀಟಿಂಗ್. ಅಲ್ಲಿ ಎಲ್ಲರೂ ಒಬ್ಬರ ಕೆಲಸದ ಬಗ್ಗೆ ಒಬ್ಬರು ಮುಖದ ಮೇಲೇ ಮಾತಾಡುತ್ತಾರೆ, ಸೆಂಟರ್ ನಡೆಸುವ ಡೈರೆಕ್ಟರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನಮಗೆ ಹಾಗಲ್ಲ ಅಲ್ವಾ, ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು ಅಂತಲೇ ಬೆಳೆದವರು.

ಸೇರಿದ ಹೊಸದರಲ್ಲಿ ನನ್ನ ಕೋಣೆಗೆ ಪಂಜಾಬಿ ಮನೆಯ ಹುಡುಗನೊಬ್ಬ ಬಂದ. ಮೂರು ವರ್ಷ. ಮಾತೇ ಇಲ್ಲ. ಮರಳಿನ ಹೊಂಡದಲ್ಲಿ ಕೂತು ಹಳದಿ ಟಿಪ್ಪರ್‌ಗೆ ಮರಳು ತುಂಬುವುದು, ಸುರಿಯುವುದು, ಮತ್ತೆ ತುಂಬುವುದು. ಹಣ್ಣಿನ ತಟ್ಟೆ ಬಂದರೆ ಬೆರಳು ತೋರಿಸುತ್ತಿದ್ದ. ಸಂಜೆ ಅಜ್ಜಿ ಬಂದರೆ ಸಾಕು, ಗೇಟಿನಿಂದ ಕಾರಿನ ತನಕ ಒಂದೇ ಸಮನೆ ಪಟಪಟ ಮಾತು. ನಾನು ದಿನಾ ನೋಡುತ್ತಿದ್ದೆ. ಮೀಟಿಂಗ್‌ನಲ್ಲಿ ಅವನ ವಿಷಯ ಬಂತು. ಮಾತು ತಡವಾಗಿದೆ, ಮನೆಯಲ್ಲಿ ಇಂಗ್ಲಿಷನ್ನೇ ಆಡಲು ಹೇಳೋಣ ಅಂದರು. ನಿನಗೇನು ಅನಿಸುತ್ತದೆ ಅಂತ ನನ್ನನ್ನೂ ಕೇಳಿದರು. ನಾನು ನಕ್ಕು ತಲೆಯಾಡಿಸಿದೆ. ಆಮೇಲಿನಿಂದ ಆ ಅಜ್ಜಿ ಗೇಟಿನ ಹತ್ತಿರ ಮೊಮ್ಮಗನಿಗೆ "ಕಮ್, ಕಮ್" ಅನ್ನುವುದಷ್ಟೇ ಕೇಳಿಸುತ್ತಿತ್ತು. ಅವರಿಗೆ ಗೊತ್ತಿದ್ದ ಇಂಗ್ಲಿಷೇ ಅಷ್ಟು.

ಇಂಥ ಮಕ್ಕಳ ವಿಷಯ ನನಗೆ ಗೊತ್ತಿರಲಿಲ್ಲ ಅಂತಲ್ಲ. ಸಿದ್ದಾಪುರದ ಕಡೆ ನನ್ನ ಚಿಕ್ಕಮ್ಮ ಅಂಗನವಾಡಿ ಟೀಚರ್. ಅವರ ಒಂದೇ ಕೋಣೆಗೆ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ಎರವರ ಭಾಷೆ, ಈಗೀಗ ತೋಟದ ಕೆಲಸದವರ ಲೈನ್ ಮನೆಗಳಿಂದ ಅಸ್ಸಾಮಿನ ಮಕ್ಕಳ ಮಾತು, ಎಲ್ಲ ಬರುತ್ತದೆ. ಕನ್ನಡ ಕೇಳಿ ಬೆಚ್ಚಿದ ಮಗು ತಿಂಗಳುಗಟ್ಟಲೆ ಬಾಗಿಲ ಚೌಕಟ್ಟು ಹಿಡಿದು ನಿಲ್ಲುವುದು ಅಲ್ಲಿ ಯಾರಿಗೂ ಹೊಸದಲ್ಲ. ಚಿಕ್ಕಮ್ಮ ಏನು ಮಾಡುತ್ತಿದ್ದರು ಗೊತ್ತಾ? ಆ ಮಗುವಿನ ಅಜ್ಜಿಯನ್ನು ಜಗಲಿಯಲ್ಲಿ ಕೂರಿಸಿ, ನೀರು, ಹಸಿವು, ಉಚ್ಚೆ, ನೋವು, ಇಷ್ಟಕ್ಕೆ ನಿಮ್ಮ ಕಡೆ ಏನನ್ನುತ್ತೀರಿ ಅಂತ ಕೇಳಿ ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿ ಬರೆದುಕೊಳ್ಳುತ್ತಿದ್ದರು. ಮರುದಿನ ಮಗುವಿನ ಕಿವಿಯ ಹತ್ತಿರ ಬಗ್ಗಿ ಅದನ್ನೇ ಹೇಳುವರು, ತಪ್ಪು ತಪ್ಪಾಗಿ. ಮಗು ನಗುತ್ತಿತ್ತು.

ಎಷ್ಟೋ ಕಾಲದ ಮೇಲೆ ಮೆಲ್ಬರ್ನ್‌ನಲ್ಲಿ ಎರಡು ಭಾಷೆಯ ಮಕ್ಕಳ ಬಗ್ಗೆ ಒಂದು ತರಬೇತಿಗೆ ಹೋದೆ. ಹೊಸ ಭಾಷೆಯ ನಡುವೆ ಬಂದ ಮಗು ತಿಂಗಳುಗಟ್ಟಲೆ ಸುಮ್ಮನಿರಬಹುದು, ಮನೆಯ ಭಾಷೆಯಲ್ಲಿ ಚೆನ್ನಾಗಿ ಮಾತಾಡುತ್ತಿದ್ದರೆ ಅದು ದೋಷವಲ್ಲ, ಮನೆಯ ಭಾಷೆ ಬಿಡಿಸಬೇಡಿ, ಎರಡೂ ಭಾಷೆಯಲ್ಲಿ ಮಾತಿಲ್ಲದಿದ್ದರೆ ಮಾತ್ರ ಸ್ಪೀಚ್ ಥೆರಪಿಸ್ಟ್ ಹತ್ತಿರ ಕಳಿಸಿ ಅಂದರು. ಅಲ್ಲಿನ ರಾಷ್ಟ್ರೀಯ ಪಠ್ಯ ಚೌಕಟ್ಟು 2009ರದ್ದು, 2022ರಲ್ಲಿ ಪರಿಷ್ಕರಿಸಿದರು. ಮನೆಯ ಭಾಷೆಯನ್ನು ಉಳಿಸಿಕೊಳ್ಳಬೇಕು ಅಂತ ಅದರಲ್ಲೂ ಇದೆ. ಎಲ್ಲರೂ ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದರು. ನನಗೆ ಹೊಟ್ಟೆ ಉರಿಯಿತು. ದುಡ್ಡು ಕೊಟ್ಟು ಚಿಕ್ಕಮ್ಮನ ಕೊನೆಯ ಪುಟ ಕೇಳುತ್ತಿದ್ದೇನೆ ಅನಿಸಿತು, ಹೆಮ್ಮೆಯೂ ಆಯಿತು, ಆ ಹುಡುಗನ ನೆನಪಾಗಿ ಊಟವೂ ಸೇರಲಿಲ್ಲ. ಅವನು ಆಗಲೇ ಸ್ಕೂಲಿಗೆ ಹೋಗಿದ್ದ.

ಚಿಕ್ಕಮ್ಮನ ರಿಜಿಸ್ಟರ್‌ಗಳಲ್ಲಿ ತೂಕಕ್ಕೆ, ಮೊಟ್ಟೆಗೆ ಕಾಲಂ ಇತ್ತು, ಮಕ್ಕಳ ಮನೆಮಾತಿಗೆ ಇರಲಿಲ್ಲ. ನಮ್ಮಲ್ಲೂ 2020ರ ಶಿಕ್ಷಣ ನೀತಿ ಟೀಚರ್‌ಗಳಿಗೆ ವರ್ಷಕ್ಕೆ ಕನಿಷ್ಠ 50 ಗಂಟೆ ಅನ್ನುತ್ತದೆ, ಅಂಗನವಾಡಿಯವರಿಗೆ 'ಪೋಷಣ್ ಭೀ ಪಢಾಯಿ ಭೀ' ತರಬೇತಿ 2023ರಲ್ಲಿ ಶುರುವಾಯಿತು. ಗಂಟೆ ಲೆಕ್ಕದಲ್ಲಿ ನಾವೇ ಮುಂದೆ!

ಮೆಲ್ಬರ್ನ್‌ನಲ್ಲಿ ಮೂರು ವರ್ಷದೊಳಗಿನ ನಾಲ್ಕು ಮಕ್ಕಳಿಗೆ ಒಬ್ಬರು, ದೊಡ್ಡವರಾದರೆ ಹನ್ನೊಂದಕ್ಕೆ ಒಬ್ಬರು. ಒಂದು ಮಗುವನ್ನು ಕೂತು ನೋಡಲು ಪುರುಸೊತ್ತು ಇರುತ್ತದೆ. ನೋಡಿದ್ದನ್ನು ಮೀಟಿಂಗ್‌ನಲ್ಲಿ ಹೇಳು. ಇಂಗ್ಲಿಷ್ ತಡವರಿಸಿದರೂ ಹೇಳು, ನೀನು ಸುಮ್ಮನಿದ್ದರೆ ಒಪ್ಪಿದ್ದೀಯ ಅಂತಲೇ ತಿಳಿಯುತ್ತಾರೆ. ಹೊರಡುವ ಮೊದಲು ನಿಮ್ಮ ಊರಿನ ಅಂಗನವಾಡಿಯಲ್ಲಿ ಒಂದೆರಡು ದಿನ ಕೂತು ಬಾ, ಟೀಚರ್ ಏನೇನು ಮಾಡುತ್ತಾರೆ ಬರೆದುಕೋ. ಕಾಚಂಪುಳಿ (ನಮ್ಮ ಕೊಡಗಿನ ಹುಳಿ), ಮೆಣಸು ಏನೇ ಒಯ್ದರೂ ವಿಮಾನ ನಿಲ್ದಾಣದ ಕಾರ್ಡಿನಲ್ಲಿ ಮುಚ್ಚಿಡದೆ ಬರೆ, ದಂಡ ಜೋರಾಗಿದೆ. ಕಾಲೇಜಿನ ಪತ್ರ ಮಾತ್ರ ಈ ವಾರವೇ ಕೇಳು. ಪರೀಕ್ಷೆ ಶುರುವಾದರೆ ಸಹಿ ಮಾಡುವವರು ಕೈಗೆ ಸಿಗುವುದಿಲ್ಲ.