ಸರ್ಪಸುತ್ತಿನ ವೈರಸ್ ಇಷ್ಟು ವರ್ಷ ಎಲ್ಲಿತ್ತು?

ಪ್ರಶ್ನೆ: ನನ್ನ ತಾಯಿಗೆ 64 ವರ್ಷ. ಬೆನ್ನಿನ ಬಲಗಡೆಯಿಂದ ಎದೆಯವರೆಗೆ ಸರ್ಪಸುತ್ತು ಎದ್ದಿದೆ. ಚಿಕ್ಕಂದಿನಲ್ಲಿ ಬಂದಿದ್ದ ಚಿಕನ್‌ಪಾಕ್ಸ್ ವೈರಸ್ಸೇ ಇದು ಅಂತಾರೆ ಡಾಕ್ಟರ್. ಒಮ್ಮೆ ಬಂದರೆ ಮತ್ತೆ ಬರಲ್ಲ ಅಲ್ವಾ? ಇಷ್ಟು ವರ್ಷ ಅದು ಎಲ್ಲಿತ್ತು? ಕೆಮ್ಮಣ್ಣು ಹಚ್ಚಿಸಿ, ತಲೆ ಬಾಲ ಕೂಡಿದರೆ ಜೀವಕ್ಕೇ ಅಪಾಯ ಎಂದು ಊರಿನವರು ಹೆದರಿಸುತ್ತಿದ್ದಾರೆ. ಮನೆಯಲ್ಲಿ ಆರು ತಿಂಗಳ ಮಗುವೂ ಇದೆ.

ಉತ್ತರ: ಮೊದಲು ತುರ್ತಿನ ಮಾತು. ಗುಳ್ಳೆ ಎದ್ದ 72 ಗಂಟೆಯೊಳಗೆ ಅಸೈಕ್ಲೋವಿರ್ ಅಥವಾ ವಲಸೈಕ್ಲೋವಿರ್ ಮಾತ್ರೆ ಶುರುವಾದರೆ ಲಾಭ ಜಾಸ್ತಿ. ತಡವಾಗಿದ್ದರೂ ಹೊಸ ಗುಳ್ಳೆ ಏಳುತ್ತಿದ್ದರೆ ಡಾಕ್ಟರನ್ನು ಕೇಳಿ.

ಈ ವೈರಸ್ಸಿನ ಹೆಸರು ವೆರಿಸೆಲ್ಲಾ ಝೋಸ್ಟರ್. ಹರ್ಪಿಸ್ ಕುಟುಂಬದ್ದು, ಭಂಡ ಧೈರ್ಯದ್ದು. ಚಿಕನ್‌ಪಾಕ್ಸ್ ಬಂದಾಗ, ನಮ್ಮನ್ನು ಕಾಯಬೇಕಾದ ಟಿ ಕೋಶಗಳೆಂಬ ಬಿಳಿ ರಕ್ತಕಣಗಳೊಳಗೇ ಹೊಕ್ಕು ಚರ್ಮದವರೆಗೆ ಬರುತ್ತದೆ. ಸಾಮಾನ್ಯವಾಗಿ ಸೋಂಕು ತಗುಲಿದ ಕೋಶ, ವೈರಸ್ ಪ್ರೋಟೀನಿನ ಚೂರುಗಳನ್ನು ತನ್ನ ಹೊರಮೈಗೆ ತಂದು ತೋರಿಸುತ್ತದೆ. ಟಿ ಕೋಶ ಅದನ್ನು ಗುರುತಿಸಿ ಆ ಕೋಶವನ್ನು ಕೊಲ್ಲುತ್ತದೆ. ಚೂರುಗಳನ್ನು ಹೊತ್ತು ತರುವುದು ಎಂಎಚ್‌ಸಿ ಎಂಬ ಪ್ರೋಟೀನ್. ಅದನ್ನೇ ಈ ವೈರಸ್ ಒಳಗೆ ತಡೆದಿಡುತ್ತದೆ. ತಡೆ ಪೂರ್ತಿಯೇನಲ್ಲ, ಆದರೆ ಕೆಲವು ದಿನ ಸಿಕ್ಕರೆ ಅದಕ್ಕೆ ಸಾಕು. ಅಷ್ಟರಲ್ಲಿ ಬೆನ್ನುಹುರಿಯ ಪಕ್ಕದ ನರಗಂಟುಗಳನ್ನು ಸೇರಿಬಿಟ್ಟಿರುತ್ತದೆ.

ಅಲ್ಲಿ ಅದು ಪ್ರೋಟೀನ್ ತಯಾರಿಸುವುದನ್ನೇ ಹೆಚ್ಚುಕಡಿಮೆ ನಿಲ್ಲಿಸುತ್ತದೆ. ತೋರಿಸಲು ಚೂರೇ ಇಲ್ಲದ ಮೇಲೆ ಹಿಡಿಯುವುದು ಹೇಗೆ? ಮೇಲಾಗಿ ನರಕೋಶ ಸತ್ತರೆ ಆ ಜಾಗಕ್ಕೆ ಹೊಸದು ಬರುವುದಿಲ್ಲ. ದೇಹವೂ ಅಲ್ಲಿ ಕೈ ಬಿಗಿಹಿಡಿದೇ ಇರುತ್ತದೆ. ವೈರಸ್ ತಲೆಯೆತ್ತಿದಾಗ ಅದುಮುವುದು ಟಿ ಕೋಶಗಳ ಕೆಲಸ. ವಯಸ್ಸು 50 ದಾಟಿದ ಮೇಲೆ ಆ ಹಿಡಿತ ಸಡಿಲವಾಗುತ್ತಾ ಹೋಗುತ್ತದೆ. ಕ್ಯಾನ್ಸರ್ ಚಿಕಿತ್ಸೆ, ಎಚ್‌ಐವಿ, ಹೆಚ್ಚು ಸ್ಟಿರಾಯ್ಡ್ ಇದ್ದರೆ ಇನ್ನೂ ಬೇಗ. ರಕ್ತದಲ್ಲಿ ವೈರಸ್ಸಿಗೆ ಅಂಟಿಕೊಂಡು ತಡೆಯುವ ಪ್ರತಿಕಾಯಗಳು (ಆ್ಯಂಟಿಬಾಡಿ) ಇದ್ದೇ ಇರುತ್ತವೆ, ಆದರೆ ನರಕೋಶದೊಳಕ್ಕೆ ಅವುಗಳ ಆಟ ನಡೆಯದು. ಹಾಗಾಗಿ ಚಿಕನ್‌ಪಾಕ್ಸ್ ಮತ್ತೆ ಬರುವುದು ಅಪರೂಪ, ಸರ್ಪಸುತ್ತು ಮಾತ್ರ ಬರುತ್ತದೆ. ಹಳೆಯ ವೈರಸ್ಸೇ ನರಗಂಟಿನಲ್ಲಿ ಅಡಗಿದ್ದು, ರೋಗನಿರೋಧಕ ಶಕ್ತಿ ತಗ್ಗಿದಾಗ ಮತ್ತೆ ಏಳುತ್ತದೆ ಎಂದು 1965ರಲ್ಲೇ ವಿವರಿಸಿದವರು ಎಡ್ಗರ್ ಹೋಪ್-ಸಿಂಪ್ಸನ್. ದೊಡ್ಡ ಪ್ರಯೋಗಾಲಯದವರಲ್ಲ, ಇಂಗ್ಲೆಂಡಿನ ಸಿರೆನ್ಸೆಸ್ಟರ್ ಎಂಬ ಊರಿನ ಫ್ಯಾಮಿಲಿ ಡಾಕ್ಟರ್. ತಮ್ಮ ರೋಗಿಗಳನ್ನು 16 ವರ್ಷ ಗಮನಿಸಿ ಬರೆದರು.

ಎಚ್ಚೆತ್ತ ವೈರಸ್ ಸಾಮಾನ್ಯವಾಗಿ ಒಂದೇ ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತದೆ. ಅದಕ್ಕೇ ಗುಳ್ಳೆಗಳು ಒಂದೇ ಮಗ್ಗುಲಿಗೆ, ಪಟ್ಟಿಯ ಹಾಗೆ ಏಳುತ್ತವೆ. ಎಡಗಡೆಯ ನರವೇ ಬೇರೆ, ಬಲಗಡೆಯದೇ ಬೇರೆ. ತಲೆ ಬಾಲ ಕೂಡುವ ಭಯ ಸುಮ್ನೆ. ಕೆಮ್ಮಣ್ಣು ತಂಪೆನಿಸಬಹುದು, ಆದರೆ ಒಡೆದ ಗುಳ್ಳೆಗೆ ಮಣ್ಣು ಸೇರಿದರೆ ಕೀವಾಗಬಹುದು. ಬೇಡ. ಭಯಪಡಬೇಕಾದ್ದು ಬೇರೆಯೇ ಇದೆ: ಗುಳ್ಳೆ ಮಾಯ್ದು ಮೂರು ತಿಂಗಳಾದರೂ ಬಿಡದ ಉರಿನೋವು. ಸೆರಗು ತಾಗಿದರೂ ಸಹಿಸಲಾಗದಷ್ಟು. ಇನ್ನು ಹಣೆ, ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು.

ಗುಳ್ಳೆಯ ನೀರು ತಾಗಿದರೆ ಮಗುವಿಗೆ ಸರ್ಪಸುತ್ತಲ್ಲ, ಚಿಕನ್‌ಪಾಕ್ಸ್ ಬರಬಹುದು. ಹಕ್ಕಳೆ ಕಟ್ಟುವವರೆಗೆ, ಅಂದರೆ ಸುಮಾರು 7ರಿಂದ 10 ದಿನ, ಗುಳ್ಳೆಗಳನ್ನು ಬಟ್ಟೆಯಿಂದ ಮುಚ್ಚಿ. ಅಷ್ಟು ದಿನ ಅಜ್ಜಿ ಮಗುವನ್ನು ಎತ್ತಿಕೊಳ್ಳುವುದು ಬೇಡ. 50 ದಾಟಿದವರಿಗೆ ಸರ್ಪಸುತ್ತು ತಡೆಯುವ ಶಿಂಗ್ರಿಕ್ಸ್ ಲಸಿಕೆ ನಮ್ಮಲ್ಲೂ ಸಿಗುತ್ತದೆ. 2 ಡೋಸ್, ನಡುವೆ 2ರಿಂದ 6 ತಿಂಗಳ ಅಂತರ. ದುಬಾರಿ. ತಾಯಿಗೆ ವಾಸಿಯಾದ ಮೇಲೆ ಯಾವಾಗ ಹಾಕಿಸಬಹುದು ಅಂತ ಡಾಕ್ಟರನ್ನು ಕೇಳಿ, ತಂದೆಯವರ ಬಗ್ಗೆಯೂ ವಿಚಾರಿಸಿ.