ಹ್ಯಾಂಡಲ್‌ಬಾರ್ ಎಷ್ಟು ಎತ್ತರ ಇರಬೇಕು?

ಮೋಟಾರ್‌ಬೈಕಿನ ದೂರ ಪ್ರಯಾಣದಲ್ಲಿ ಹೆಗಲು, ಮಣಿಕಟ್ಟು ನೋಯುವುದರಿಂದ 12 ಇಂಚು ಎತ್ತರದ ಹ್ಯಾಂಡಲ್‌ಬಾರ್ ಹಾಕಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಅವಸರಪಡಬೇಡಿ. ಎಷ್ಟೋ ಸಲ ಎತ್ತರಕ್ಕಿಂತ, ಹಿಡಿ ನಿಮ್ಮತ್ತ ಎಷ್ಟು ಬಾಗಿದೆ ಎಂಬುದೇ ಮುಖ್ಯ. ಯಾರಾದರೂ ಬೈಕನ್ನು ನೇರವಾಗಿ ಹಿಡಿದಿರಲಿ. ನೀವು ಕುಳಿತು, ಕಣ್ಣು ಮುಚ್ಚಿ, ಹೆಗಲು ಸಡಿಲಬಿಟ್ಟು ಕೈ ಚಾಚಿ. ಮೊಣಕೈ ತುಸು ಬಾಗಿ ಮುಷ್ಟಿ ತಾನಾಗಿ ನಿಲ್ಲುವ ಜಾಗದಲ್ಲೇ ಹಿಡಿ ಇರಬೇಕು. ಈಗಿನ ಹಿಡಿಯಿಂದ ಅಲ್ಲಿಗೆ ಅಳೆಯಿರಿ. ನನಗಂತೂ ಎರಡಿಂಚಿನ ರೈಸರ್ (ಹ್ಯಾಂಡಲ್‌ಬಾರನ್ನು ಎತ್ತರಿಸಲು ಅದರ ಕೆಳಗೆ ಕೂಡಿಸುವ ತುಂಡು) ಸಾಕಾಯಿತು! ಮುಷ್ಟಿ ಹೆಗಲಿಗಿಂತ ಮೇಲಿದ್ದರೆ ಕೈ ಬೇಗ ಜೋಮು ಹಿಡಿಯುತ್ತದೆ.

ಕೊಳ್ಳುವಾಗ ಕ್ಲಾಂಪ್ (ಹ್ಯಾಂಡಲ್‌ಬಾರನ್ನು ಬಿಗಿಹಿಡಿಯುವ ಭಾಗ) ವ್ಯಾಸ 22 ಮಿ.ಮೀ.ಯೋ 25.4 ಮಿ.ಮೀ.ಯೋ ನೋಡಿಕೊಳ್ಳಿ. ಕೂಡಿಸಿದ ಮೇಲೆ ಎರಡೂ ಬದಿಗೆ ಪೂರ್ತಿ ತಿರುಗಿಸಿ. ಬ್ರೇಕ್ ಹೋಸ್ (ಬ್ರೇಕ್ ದ್ರವದ ಕೊಳವೆ) ಬಿಗಿದರೆ ಉದ್ದನೆಯದನ್ನು ಹಾಕಿಸಲೇಬೇಕು. ತಿರುಗಿಸುವಾಗ ಎಂಜಿನ್ ಸದ್ದು ಏರಿದರೆ ಆಕ್ಸಿಲರೇಟರ್ ಕೇಬಲ್ ಎಳೆಯುತ್ತಿದೆ ಎಂದರ್ಥ. ಹಾಗೆಯೇ ರಸ್ತೆಗೆ ಇಳಿಸಬೇಡಿ.